ಅಪ್ಪನ ಕಾಕ್‌ಪಿಟ್

ನಮ್ಮ ಮನೆಯಲ್ಲಿ ಕಾಕ್‌ಪಿಟ್ ಎಂದರೆ ಅಪ್ಪ ಕೆಲಸಕ್ಕೆ ಕೂರುವ ಜಾಗ. ಮುರ್ಮುಗಾಂವ್ ಬಂದರಿನ ದಕ್ಕೆಯ ಮೇಲೆ ನಿಂತ ಕ್ರೇನಿನ ಕುತ್ತಿಗೆಯ ಹತ್ತಿರ, ಆರು ಮಹಡಿಯಷ್ಟು ಎತ್ತರದಲ್ಲಿ ಒಂದು ಸಣ್ಣ ಕೋಣೆ. ಮೂರು ಕಡೆ ಗಾಜು, ಕಾಲ ಕೆಳಗೂ ಗಾಜು. ಒಳಗೆ ಒಂದು ಕುರ್ಚಿ, ಅದರ ಎರಡು ಬದಿಗೆ ಒಂದೊಂದು ಹಿಡಿಕೆ. ಹಡಗಿನ ಹೊಟ್ಟೆಯಿಂದ ಕಲ್ಲಿದ್ದಲು ಎತ್ತಿ ದಡಕ್ಕೆ ಸುರಿಯುವುದು ಅಪ್ಪನ ಕೆಲಸ. ಯಾರಾದರೂ ಮನೆಗೆ ಬಂದು "ಯಜಮಾನ್ರು ಎಲ್ಲಿ ಅದಾರ್ರಿ?" ಎಂದು ಕೇಳಿದರೆ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, "ಕಾಕ್‌ಪಿಟ್‌ನಾಗ ಅದಾರ. ಸಂಜಿಕ್ ಇಳೀತಾರ" ಎನ್ನುತ್ತಿದ್ದಳು. ಕೇಳಿದವರಿಗೆ ಅರ್ಥವಾಯಿತೋ ಇಲ್ಲವೋ, ಅವಳು ನೋಡಲು ಹೋಗುತ್ತಿರಲಿಲ್ಲ.

ಅಪ್ಪ ಹತ್ತೊಂಬತ್ತನೆಯ ವಯಸ್ಸಿಗೆ ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಿಂದ ವಾಸ್ಕೋಗೆ ಬಂದವನು. ಮೊದಮೊದಲು ಎಷ್ಟೋ ವರ್ಷ ಅವನ ಕೈಯಲ್ಲಿದ್ದುದು ಸಲಿಕೆ. ಹಡಗಿಗೆ ತುಂಬುವಾಗ ಚೆಲ್ಲಿದ ಕಬ್ಬಿಣದ ಅದಿರನ್ನು ಬಾಚಿ ಮತ್ತೆ ರಾಶಿಗೆ ಹಾಕಬೇಕು. ಆಗ ಮನೆಗೆ ಬಂದರೆ ಅವನ ಕಣ್ಣಿನ ರೆಪ್ಪೆಯೂ ಕೆಂಪಗಿರುತ್ತಿತ್ತು ಎಂದು ಅವ್ವ ಹೇಳುತ್ತಾಳೆ. ಆಮೇಲೆ ಒಬ್ಬ ಮುದುಕ ಆಪರೇಟರ್ ಅವನನ್ನು ಗಮನಿಸಿದರು. ಗೋವೆಯವರೇ, ಹರೆಯದಲ್ಲಿ ಹಡಗಿನ ಮೇಲೆ ದೇಶ ಸುತ್ತಿ ಬಂದವರು. ಅಪ್ಪನನ್ನು ಏಣಿ ಹತ್ತಿಸಿ ಮೇಲೆ ಕರೆದುಕೊಂಡು ಹೋಗಿ, ಬಾಗಿಲು ತೆಗೆದು, "ಆವೋ, ಯೇ ಅಪನಾ ಕಾಕ್‌ಪಿಟ್" ಎಂದರಂತೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅಪ್ಪನಿಗೆ ಆ ಶಬ್ದ ಹಾಗೆ ಸಿಕ್ಕಿತು. ಆ ಮುದುಕರು ಹೋಗಿ ಎಷ್ಟೋ ಕಾಲವಾಯಿತು. ದಕ್ಕೆಯಲ್ಲಿ ಉಳಿದವರೆಲ್ಲ ಕ್ಯಾಬಿನ್ ಎನ್ನುತ್ತಿದ್ದರು. ಅಪ್ಪ ಮಾತ್ರ ಬಿಡಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಆಯುಧಪೂಜೆಯ ದಿನ ಕೆಲಸಗಾರರ ಮನೆಯವರನ್ನು ದಕ್ಕೆಯೊಳಗೆ ಬಿಟ್ಟಿದ್ದರು. ಕ್ರೇನಿಗೆ ಚೆಂಡುಹೂವಿನ ಸರ ಕಟ್ಟಿ, ಕುಂಬಳಕಾಯಿ ಒಡೆದು, ಅಪ್ಪ ನನ್ನನ್ನು ಮುಂದೆ ಬಿಟ್ಟುಕೊಂಡು ಏಣಿ ಹತ್ತಿಸಿದ. ಏಣಿ ನೆಟ್ಟಗೆ ಗೋಡೆಯಂತಿತ್ತು. ಸುತ್ತ ಕಬ್ಬಿಣದ ಬಳೆಗಳ ಗೂಡು, ಒಬ್ಬರು ಹಿಡಿಯುವಷ್ಟೇ ಅಗಲ. ಪ್ರತಿ ಮಹಡಿಗೊಂದು ಜಾಲರಿಯ ಕಟ್ಟೆ, ಅಲ್ಲಿ ನಿಂತು ಉಸಿರು ತೆಗೆದುಕೊಂಡು ಮತ್ತೆ ಹತ್ತಬೇಕು. ಮೇಲೆ ಹೋದಾಗ ಅಪ್ಪ ನನ್ನನ್ನು ಕುರ್ಚಿಯಲ್ಲಿ ಕೂರಿಸಿದ. ಕಾಲ ಕೆಳಗಿನ ಗಾಜಿನಲ್ಲಿ ಅವ್ವನ ಹಸಿರು ಸೀರೆ ಒಂದು ಎಲೆಯಷ್ಟು ಕಂಡಿತು. ನಾನು ಹೆದರಿ ಕಾಲು ಮೇಲೆತ್ತಿಕೊಂಡೆ. ಅಪ್ಪ ನಕ್ಕು, "ಕಾಲ ಇಡವ್ವಾ, ಅದು ಒಡಿಯಂಗಿಲ್ಲ. ನಾ ದಿನಾ ಅದರ ಮ್ಯಾಲ ಕುಂದ್ರತೇನಿ" ಎಂದ.

ಮುಂದೆ ಶಾಲೆಯಲ್ಲಿ ವಿಮಾನ ನಡೆಸುವವರು ಕೂರುವ ಜಾಗಕ್ಕೂ ಕಾಕ್‌ಪಿಟ್ ಎನ್ನುತ್ತಾರೆಂದು ಓದಿ, ಓಡಿ ಬಂದು ಅಪ್ಪನಿಗೆ ಹೇಳಿದ್ದೆ. ಅವನು ಕಾಲು ತೊಳೆಯುತ್ತಿದ್ದ. "ಇರ್ಲಿ ಬಿಡು. ಅವ್ರಿಗೂ ಒಂದ್ ಬೇಕಲ್ಲ" ಎಂದ. ನಮ್ಮ ಮನೆಯ ತಗಡಿನ ಮೇಲಿಂದಲೇ ವಿಮಾನಗಳು ದಾಬೋಳಿ ನಿಲ್ದಾಣಕ್ಕೆ ಇಳಿಯುತ್ತಿದ್ದವು. ನಮಗೆ ಅದರಿಂದ ಬೇರೆ ಬೆರಗೇನೂ ಇರಲಿಲ್ಲ. ವಾಸ್ಕೋದಲ್ಲಿ ಬಾಡಿಗೆಗೆ ಮೋಟರ್‌ಸೈಕಲ್ ಓಡಿಸುವವರಿಗೆ ಪೈಲಟ್ ಎನ್ನುತ್ತಾರೆ. ಹಳದಿ ಮಡ್‌ಗಾರ್ಡಿನ ಬೈಕು ಹಿಡಿದು ಸ್ಟ್ಯಾಂಡಿನಲ್ಲಿ ನಿಂತ ಪೈಲಟ್‌ಗಳನ್ನು ನೋಡುತ್ತ ಬೆಳೆದವಳಿಗೆ ಕ್ರೇನಿನಲ್ಲಿ ಕಾಕ್‌ಪಿಟ್ ಇದ್ದರೆ ತಪ್ಪೇನು?

ಹೋದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಅಪ್ಪ ಕೆಲಸ ಮಾಡುತ್ತಿದ್ದ ಗುತ್ತಿಗೆ ಕಂಪನಿಯವರು ಆಪರೇಟರುಗಳಿಗೆಲ್ಲ ಸುರಕ್ಷತೆಯ ತರಬೇತಿ ಇಟ್ಟಿದ್ದರು. ಪಾಠ ಹೇಳಲು ಹೊರಗಿನಿಂದ ಬಂದ ಎಂಜಿನಿಯರನಿಗೆ ವಯಸ್ಸು ನನ್ನ ತಮ್ಮನಷ್ಟು. ಕೆಲಸ ಶುರು ಮಾಡುವ ಮುಂಚೆ ಏನೇನು ನೋಡುತ್ತೀರಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದನಂತೆ. ಅಪ್ಪ ಎದ್ದು ನಿಂತು, ತನ್ನ ಹಿಂದಿಯಲ್ಲಿ, ಮೊದಲು ಕಾಕ್‌ಪಿಟ್‌ಗೆ ಹೋಗಿ ಬ್ರೇಕು ನೋಡುತ್ತೇನೆ ಎಂದ. ಎಂಜಿನಿಯರ್ ನಕ್ಕ. "ಅಂಕಲ್, ಕ್ರೇನ್ ಚಲಾತೇ ಹೋ ಯಾ ಜಹಾಜ್ ಉಡಾತೇ ಹೋ?" ಎಂದ. ಕ್ರೇನು ಓಡಿಸುತ್ತೀರೋ, ವಿಮಾನ ಹಾರಿಸುತ್ತೀರೋ? ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅದರ ಮಾರನೆಯ ದಿನದಿಂದ ದಕ್ಕೆಯಲ್ಲಿ ಅಪ್ಪನಿಗೆ ಕ್ಯಾಪ್ಟನ್ ಎಂದು ಹೆಸರು ಬಿತ್ತು. ಟೀ ಕುಡಿಯಲು ಹೋದರೆ "ಕ್ಯಾಪ್ಟನ್ ಸಾಹೇಬರಿಗೆ ಜಾಗ ಬಿಡ್ರೋ."

ಇದೆಲ್ಲ ಅಪ್ಪ ಹೇಳಿದ್ದಲ್ಲ, ಅವನ ಜೋಡಿಯ ಆಪರೇಟರ್ ಹೇಳಿದ್ದು. ಧಾರವಾಡದ ಕಡೆಯವರು, ಅಪ್ಪನಿಗಿಂತ ಎರಡು ವರ್ಷ ಚಿಕ್ಕವರು. ಒಬ್ಬರು ಇಳಿದರೆ ಇನ್ನೊಬ್ಬರು ಹತ್ತುತ್ತಿದ್ದರು. ನಾನು ಅವರನ್ನು ಕಾಕಾ ಎಂದು ಕರೆಯುತ್ತೇನೆ. ಅಪ್ಪ ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: "ಅವ್ವಾ, ನೀ ಸಾಲಿ ಕಲಸಾಕಿ. ಕಾಕ್‌ಪಿಟ್ ಅಂದ್ರ ಖರೇ ಅರ್ಥ ಏನೈತಿ, ಪುಸ್ತಕದಾಗ ನೋಡಿ ಹೇಳು."

ನಾನು ವಾಸ್ಕೋದ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಶಬ್ದದ ಅರ್ಥ ಕೇಳಿದರೆ ಮೈಯಲ್ಲಿ ಏನೋ ಸೇರಿಕೊಂಡುಬಿಡುತ್ತದೆ. ಶಾಲೆಯ ಕಪಾಟಿನಲ್ಲಿದ್ದ, ರಟ್ಟು ಹೋದ ದಪ್ಪ ನಿಘಂಟು ತೆಗೆದೆ. ಅದು ಸಾಲದೆ ಮೊಬೈಲಿನಲ್ಲೂ ಹುಡುಕಿದೆ. ಒಂದು ಹಾಳೆಯಲ್ಲಿ ಚಂದಾಗಿ ಬರೆದುಕೊಂಡೆ. ಭಾನುವಾರ ಅಪ್ಪ ಹೊಸ್ತಿಲ ಹತ್ತಿರ ಕೂತಿದ್ದಾಗ ಅವನ ಎದುರು ಕೂತು, ಐದನೇ ಇಯತ್ತೆಯ ಮಕ್ಕಳಿಗೆ ಓದಿದಂತೆ ಓದಿದೆ.

"ಕಾಕ್ ಅಂದ್ರ ಹುಂಜ, ಪಿಟ್ ಅಂದ್ರ ತಗ್ಗು. ಹಿಂದಕ ಇಂಗ್ಲೆಂಡಿನಾಗ ಹುಂಜದ ಕಾಳಗ ಆಡಸಾಕ ತೋಡಿದ ತಗ್ಗಿಗೆ ಕಾಕ್‌ಪಿಟ್ ಅಂತಿದ್ರಂತ, ಅಪ್ಪಾ."

ಅಪ್ಪ ನಗುತ್ತಾನೆಂದು ತಿಳಿದಿದ್ದೆ. ಅವನು ನಗಲಿಲ್ಲ. "ಹುಂಜದ ಕಾಳಗ?"

"ಹೂಂ. ಮೂಲ ಅರ್ಥ ಅದ."

ಆಮೇಲೆ ಅವನು, ನಾನು ಎಂದೂ ಕೇಳದ ಒಂದು ಸಂಗತಿ ಹೇಳಿದ. ಅವನು ಸಣ್ಣವನಿದ್ದಾಗ ಮನೆಯಲ್ಲಿ ಒಂದು ಹುಂಜ ಸಾಕಿದ್ದರಂತೆ. ಅಂಗೈಯಲ್ಲಿ ಜೋಳ ಹಿಡಿದು ತಿನ್ನಿಸುತ್ತಿದ್ದನಂತೆ. ಒಂದು ದಿನ ಅವನ ಸೋದರಮಾವ ಅದರ ಕಾಲಿಗೆ ಸಣ್ಣ ಚೂರಿ ಕಟ್ಟಿ ಹಳ್ಳದ ದಂಡೆಗೆ ಒಯ್ದ. ಅಪ್ಪನೂ ಹಿಂದೆ ಹೋದ. "ಸುತ್ತ ಮಂದಿ ನಿಂತಿರ್ತಾರವ್ವಾ. ಹುಂಜಕ್ಕ ಬರೇ ಕಾಲು ಕಾಣಸ್ತಾವು. ಎತ್ತ ಹೋದ್ರೂ ಕಾಲ. ಅದು ನನ್ನ ಕಾಲ ಹತ್ರನ ಬಂತು. ನಾ ಸರದು ಜಾಗಾ ಬಿಡಲಿಲ್ಲ. ಬಿಟ್ರ ಮಾವ ಹೊಡೀತಿದ್ದ."

ಅಲ್ಲಿಗೆ ನಾನು ನಿಲ್ಲಿಸಬೇಕಿತ್ತು. ಹಾಳೆ ಕೈಯಲ್ಲಿತ್ತು, ಇನ್ನೂ ಅರ್ಧ ಉಳಿದಿತ್ತು. ಮತ್ತೆ ಮತ್ತೆ ಯುದ್ಧ ನಡೆಯುವ ನಾಡಿಗೂ ಕಾಕ್‌ಪಿಟ್ ಎನ್ನುತ್ತಾರೆ ಎಂದು ಓದಿದೆ. ಹಳೆಯ ಯುದ್ಧದ ಹಡಗುಗಳಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ, ಬೆಳಕಿಲ್ಲದ ಒಂದು ಕೋಣೆ ಇರುತ್ತಿತ್ತು, ಕಾದಾಟದಲ್ಲಿ ಗಾಯಗೊಂಡವರನ್ನು ಅಲ್ಲಿಗೆ ಒಯ್ದು ಮಲಗಿಸುತ್ತಿದ್ದರು, ಅದಕ್ಕೂ ಇದೇ ಹೆಸರು ಎಂದು ಓದಿದೆ. ಸಣ್ಣ ದೋಣಿಯಲ್ಲಿ ಚುಕ್ಕಾಣಿ ಹಿಡಿಯುವವನು ಕೂರುವ ತಗ್ಗು, ಆಮೇಲೆ ವಿಮಾನ, ಆಮೇಲೆ ರೇಸಿನ ಕಾರು.

ಅಪ್ಪ ಕೊನೆಯವರೆಗೂ ಕಿವಿಗೊಟ್ಟು ಕೇಳಿದ. "ಕ್ರೇನಿಂದು ಬರದಿಲ್ಲೇನು?"

"ಇಲ್ಲಪ್ಪಾ."

"ಇನ್ನೊಮ್ಮಿ ನೋಡು."

ನೋಡುವ ಅಗತ್ಯವಿರಲಿಲ್ಲ. ಆದರೂ ಹಾಳೆಯ ಮೇಲೆ ಕಣ್ಣಾಡಿಸಿದಂತೆ ಮಾಡಿ, "ಇಲ್ಲ" ಎಂದೆ. ಇದೆ ಎನ್ನಬಹುದಿತ್ತು. ನಿಘಂಟು ತೆಗೆದು ನೋಡುವವನಲ್ಲ ಅಪ್ಪ. ನಾನು ಹೇಳಿದ್ದೇ ಅವನಿಗೆ ನಿಘಂಟು.

ಅವನು ಮಂಡಿ ಹಿಡಿದು ಎದ್ದ. "ಹಂಗಾರ ಆ ಹುಡುಗ ನಕ್ಕಿದ್ದು ಸರಿ ಐತಿ" ಎಂದ. ಅದಾದ ಮೇಲೆ ಆ ಶಬ್ದ ಅವನ ಬಾಯಲ್ಲಿ ಬರಲಿಲ್ಲ. ಅವ್ವ ಒಮ್ಮೆ ಪಕ್ಕದ ಮನೆಯವಳಿಗೆ ರೂಢಿಯಂತೆ "ಕಾಕ್‌ಪಿಟ್‌ನಾಗ ಅದಾರ" ಎಂದದ್ದು ಒಳಗಿದ್ದ ಅವನಿಗೆ ಕೇಳಿಸಿತು. ಆ ದಿನ ಅವನಿಗೆ ರಜೆ ಇದ್ದದ್ದು ಅವಳಿಗೆ ಮರೆತಿತ್ತು. ಹೊರಗೆ ಬಂದು, "ಕ್ಯಾಬಿನ್ ಅನ್ನು. ಮಂದಿ ನಗ್ತಾರ" ಎಂದ. ಅವ್ವ ನನ್ನ ಮುಖ ನೋಡಿದಳು. ನಾನು ಮಕ್ಕಳ ವಹಿ ತಿದ್ದುತ್ತಿದ್ದೆ, ತಿದ್ದುತ್ತಲೇ ಇದ್ದೆ.

ಜುಲೈನಲ್ಲಿ ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತರಗತಿಯಲ್ಲಿದ್ದೆ. ಮಳೆಗಿಂತ ಗಾಳಿ ಜೋರಾಗಿತ್ತು, ಕಿಟಕಿಗಳನ್ನೆಲ್ಲ ಮುಚ್ಚಿ ದೀಪ ಹಾಕಿದ್ದೆವು. ಮೊಬೈಲಿಗೆ ಕಂಪನಿಯ ಸೂಪರ್‌ವೈಜರರ ಫೋನು ಬಂತು. ಗೋವೆಯವರು, ನನ್ನ ಜೊತೆ ಹಿಂದಿಯಲ್ಲೇ ಮಾತಾಡುವವರು. "ಮೇಡಂ, ನಿಮ್ಮ ಪಪ್ಪಾಗೆ ಮೇಲೆ ಏನೋ ಆಗಿದೆ. ನೀವು ಬನ್ನಿ" ಎಂದರು. ಬಿದ್ದರೇ ಎಂದು ಕೇಳಿದೆ. "ಇಲ್ಲ, ಬಿದ್ದಿಲ್ಲ. ಮೇಲೇ ಇದ್ದಾರೆ. ಇಳಿಯುವುದಕ್ಕೆ ಆಗುತ್ತಿಲ್ಲ."

ನನ್ನ ತಮ್ಮನಿಗೆ ಮಡ್ಕಯಿಯ ಕಾರ್ಖಾನೆಯಲ್ಲಿ ಕೆಲಸ. ಪಾಳಿಯ ಹೊತ್ತಿನಲ್ಲಿ ಅವರ ಫೋನುಗಳನ್ನು ಪೆಟ್ಟಿಗೆಯಲ್ಲಿ ಇಡಿಸುತ್ತಾರೆ. ನಾಲ್ಕು ಸಲ ಹಚ್ಚಿದೆ, ಎತ್ತಲಿಲ್ಲ. ಅವ್ವನಿಗೆ ಹೇಳಲು ಧೈರ್ಯವಾಗಲಿಲ್ಲ. ಸ್ಟ್ಯಾಂಡಿಗೆ ಓಡಿ ಒಬ್ಬ ಪೈಲಟ್‌ನ ಬೈಕು ಹತ್ತಿದೆ. ಗಾಳಿಗೆ ಅವನ ರೇನ್‌ಕೋಟು ಹಾರಿ ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಬಂದರಿನ ಗೇಟಿನಲ್ಲಿ ನನ್ನನ್ನು ನಿಲ್ಲಿಸಿದರು. ಪಾಸು ಇರಲಿಲ್ಲ. ಪಾಸಿಲ್ಲದೆ ಯಾರನ್ನೂ ಬಿಡುವಂತಿಲ್ಲ, ಅದು ಅವರ ಕೆಲಸ. "ನಮ್ಮಪ್ಪ ಮೇಲೆ ಸಿಕ್ಕಿಕೊಂಡಿದ್ದಾನೆ" ಎಂದೆ. ಕಾವಲಿನವನು ಮೆದುವಾಗಿಯೇ, "ಒಳಗಿನಿಂದ ಯಾರಾದರೂ ಬಂದು ಸಹಿ ಮಾಡಬೇಕು, ಅಕ್ಕಾ" ಎಂದ. ಕೂರಲು ತನ್ನ ಸ್ಟೂಲು ಕೊಟ್ಟ. ಅಲ್ಲಿಂದ ಕ್ರೇನುಗಳ ತುದಿಗಳು ಕಾಣುತ್ತಿದ್ದವು, ಯಾವುದು ಅಪ್ಪನದೆಂದು ಗೊತ್ತಾಗಲಿಲ್ಲ. ಅಷ್ಟು ವರ್ಷ ಅದೇ ಊರಿನಲ್ಲಿದ್ದೂ ಗುರುತು ಹಿಡಿಯಲಾಗಲಿಲ್ಲ.

ಸೂಪರ್‌ವೈಜರ್ ಬಂದು ಸಹಿ ಮಾಡಿ, ನನ್ನ ತಲೆಗೊಂದು ಹೆಲ್ಮೆಟ್ ಇಟ್ಟು ಒಳಗೆ ಕರೆದೊಯ್ದರು. ನಡೆಯುತ್ತಲೇ ನಡೆದದ್ದನ್ನು ಹೇಳಿದರು. ಗಾಳಿಯ ವೇಗ ಹೆಚ್ಚಾದ್ದರಿಂದ ಕ್ರೇನು ನಿಲ್ಲಿಸಿ ಎಂದು ವಾಕಿಟಾಕಿಯಲ್ಲಿ ಹೇಳಿದ್ದರು. ಆಗ ಅಪ್ಪನ ಕ್ರೇನಿನ ಬುಟ್ಟಿ ಕಲ್ಲಿದ್ದಲು ತುಂಬಿಕೊಂಡು ಹಡಗಿನ ಮೇಲೆ ಗಾಳಿಯಲ್ಲಿತ್ತು. ಕೆಳಗೆ ಹಡಗಿನೊಳಗೆ ಏಳೆಂಟು ಜನ. ಬುಟ್ಟಿ ಒಂದು ಗಳಿಗೆ ವಾಲಾಡಿತು, ಆಮೇಲೆ ಮೆಲ್ಲಗೆ ಬಂದು ಕಲ್ಲಿದ್ದಲಿನ ರಾಶಿಯ ಮೇಲೆ ಕೂತಿತು. ಬ್ರೇಕು ಬಿತ್ತು. ಇಳಿದು ಬರುತ್ತಾನೆಂದು ಎಲ್ಲರೂ ಕಾಯ್ದರು. ಬರಲಿಲ್ಲ. ಕರೆದರೆ ವಾಕಿಟಾಕಿಯಲ್ಲಿ ಉತ್ತರವಿಲ್ಲ. ಕಾಕಾ ಹತ್ತಿ ಹೋಗಿ ನೋಡಿದಾಗ ಅಪ್ಪ ಕುರ್ಚಿಯಲ್ಲಿ ಬಲಕ್ಕೆ ವಾಲಿಕೊಂಡಿದ್ದ. ಬಾಯಿ ಸೊಟ್ಟಗಾಗಿತ್ತು. ಎಡಗೈ ಇನ್ನೂ ಹಿಡಿಕೆಯ ಮೇಲಿತ್ತು.

"ಬುಟ್ಟಿಯನ್ನು ಇಷ್ಟು ನಾಜೂಕಾಗಿ ಇಟ್ಟಿದ್ದಾರೆ" ಎಂದು ಸೂಪರ್‌ವೈಜರ್ ತಮ್ಮ ಅಂಗೈಯನ್ನು ಮೆಲ್ಲಗೆ ಇನ್ನೊಂದು ಅಂಗೈಯ ಮೇಲೆ ಇಟ್ಟು ತೋರಿಸಿದರು. ಅವರ ಕಣ್ಣು ತುಂಬಿದ್ದವು.

ಕ್ರೇನಿನ ಬುಡದಲ್ಲಿ ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದರು. ನಾನೂ ನೋಡಿದೆ. ಮಳೆಯಲ್ಲಿ ಗಾಜಿನ ಡಬ್ಬಿ ಮಸುಕಾಗಿತ್ತು, ಒಳಗೆ ಯಾರೂ ಕಾಣುತ್ತಿರಲಿಲ್ಲ. ಪಕ್ಕದ ಕ್ರೇನಿಗೆ ಜನರನ್ನು ಎತ್ತುವ ತೊಟ್ಟಿಲು ಕಟ್ಟಿ ಇಳಿಸಬಹುದು, ಆದರೆ ಆ ಗಾಳಿಯಲ್ಲಿ ಯಾವ ಕ್ರೇನೂ ಅಲ್ಲಾಡುವಂತಿಲ್ಲ. ಅಗ್ನಿಶಾಮಕದ ಗಾಡಿ ಬಂತು, ಆದರೆ ಕ್ರೇನಿನ ಹಳಿಗಳಿಗೂ ಕಲ್ಲಿದ್ದಲು ಬೀಳುವ ದೊಡ್ಡ ತೊಟ್ಟಿಗೂ ನಡುವೆ ಅದರ ಏಣಿ ಬಿಚ್ಚಲು ಜಾಗ ಸಾಲಲಿಲ್ಲ. ಉಳಿದದ್ದು ಆ ಗೂಡಿನಂಥ ಏಣಿ ಒಂದೇ. ಅರಿವಿರುವ ಮನುಷ್ಯನೇ ಎರಡು ಕೈ, ಎರಡು ಕಾಲು ಬಳಸಿ ಇಳಿಯಬೇಕಾದ ಏಣಿ. ಅದರಲ್ಲಿ ಅರ್ಧ ಮೈ ಸತ್ತವನನ್ನು ಹೇಗೆ ತರುವುದು ಎಂದು ಎಲ್ಲರೂ ಮಾತಾಡುತ್ತಿದ್ದರು. ಕೊಂಕಣಿ, ಹಿಂದಿ, ನಮ್ಮ ಕಡೆಯ ಕನ್ನಡ. ಯಾರೂ ಸುಮ್ಮನೆ ನಿಂತಿರಲಿಲ್ಲ, ಯಾರದೂ ತಪ್ಪಿರಲಿಲ್ಲ. ಸಿಟ್ಟು ಮಾಡಲಾದರೂ ಒಬ್ಬರು ಬೇಕಿತ್ತು ನನಗೆ, ಯಾರೂ ಸಿಗಲಿಲ್ಲ.

ಸೂಪರ್‌ವೈಜರ್ ತಮ್ಮ ವಾಕಿಟಾಕಿಯನ್ನು ನನ್ನ ಕೈಗೆ ಕೊಟ್ಟರು. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು.

"ಕಾಕಾ, ನಾನ್ರಿ."

"ಹೂಂ ಯವ್ವಾ, ಕೇಳಸಾಕತ್ತೈತಿ" ಎಂದರು ಕಾಕಾ. "ಎಚ್ಚರ ಅದಾನ. ನೋಡಾಕತ್ತಾನ. ಮಾತ ಬರವಲ್ದು. ನಾ ಹಿಡಕೊಂಡು ಕುಂತೇನಿ, ನೀ ಹೆದರಬ್ಯಾಡ."

"ನಾ ಮ್ಯಾಲ ಬರ್ಲೇನ್ರಿ?"

"ಇಲ್ಲಿ ಇಬ್ಬರಿಗೇ ಜಾಗಿಲ್ಲವ್ವಾ. ನೀ ಅಲ್ಲಿಂದನ ಮಾತಾಡು. ಸೆಟ್ ಅವನ ಕಿವಿಗೆ ಹಿಡೀತೇನಿ."

ಏನು ಮಾತಾಡಬೇಕು? ಸುತ್ತ ಅಷ್ಟು ಜನ. ದಿನಾ ನಲವತ್ತು ಮಕ್ಕಳೆದುರು ಬಾಯಿ ನೋಯುವಷ್ಟು ಮಾತಾಡುವವಳು ಗುಂಡಿ ಒತ್ತಿಕೊಂಡು ಸುಮ್ಮನೆ ನಿಂತೆ. ಆಮೇಲೆ, "ಅಪ್ಪಾ, ನಾ ಕೆಳಗ ಅದೇನಿ. ಇಳಸ್ತಾರ, ತಡಿ. ಬುಟ್ಟಿ ಭಾಳ ಚಲೋ ಇಟ್ಟಿಯಂತ, ಎಲ್ಲಾರೂ ಹೇಳಾಕತ್ತಾರ" ಎಂದೆ. ಬೆಳಿಗ್ಗೆ ಅವ್ವ ಮಾಡಿದ ಪಲ್ಯದ ಬಗ್ಗೆ ಏನೋ ಹೇಳಿದೆ. ಮಳೆ ಕಮ್ಮಿಯಾಗುತ್ತಿದೆ ಎಂದು ಸುಳ್ಳು ಹೇಳಿದೆ. ಅವನು ಕೂತಲ್ಲಿಂದ ಮಳೆ ನನಗಿಂತ ಚೆನ್ನಾಗಿ ಕಾಣುತ್ತಿತ್ತು.

ಒಂದು ಗಂಟೆ ಹಾಗೇ ಹೋಯಿತು. ನಡುನಡುವೆ ಸೆಟ್ಟನ್ನು ವಾಪಸು ಕೊಡಬೇಕಾಗುತ್ತಿತ್ತು, ಕೆಲಸದ ಮಾತುಗಳೂ ಅದರಲ್ಲೇ ನಡೆಯಬೇಕು. ಮತ್ತೆ ಕೈಗೆ ಬಂದಾಗ, ಯೋಚಿಸದೆ ಅದು ಹೊರಬಂತು.

"ಅಪ್ಪಾ, ಅವತ್ತ ನಾ ನಿನಗ ಪೂರಾ ಹೇಳಲಿಲ್ಲ. ಕ್ರೇನಿಂದು ಬರದಿಲ್ಲ ಅಂದ್ನಲ್ಲ, ಅದು ತಪ್ಪು. ದೋಣಿಯಾಗ ಚುಕ್ಕಾಣಿ ಹಿಡಿಯಾಂವ ಕುಂದ್ರು ಜಾಗಾಕ ಕಾಕ್‌ಪಿಟ್ ಅಂದ್ರು, ವಿಮಾನ ಬಂದ ಮ್ಯಾಲ ಅದಕ್ಕೂ ಅಂದ್ರು, ಕಾರಿಗೂ ಅಂದ್ರು. ಯಾರ ಕೈಯಾಗ ಎಲ್ಲಾ ಇರ್ತದೋ ಅವರು ಕುಂದ್ರು ಜಾಗಾ ಅದು, ಅಪ್ಪಾ. ನೀ ಅನ್ನೂದು ಸರಿ ಇತ್ತು. ಆ ಮುದುಕರು ಹೇಳಿದ್ದು ಸರಿ…"

ಅಷ್ಟರಲ್ಲಿ ನಾನು ಗುಂಡಿ ಸಡಿಲ ಬಿಟ್ಟೆನೋ ಏನೋ, ಬೇರೆ ಯಾರದೋ ದನಿ ನುಗ್ಗಿತು. ಗಾಳಿ ಎಷ್ಟಿದೆ ಎಂದು ಒಬ್ಬರು ಕೇಳಿದರು, ಇನ್ನೊಬ್ಬರು ಉತ್ತರ ಕೊಟ್ಟರು, ಹಗ್ಗ ತರಲು ಹೇಳಿದರು. ಅದೆಲ್ಲ ಮುಗಿದ ಮೇಲೆ ಸೆಟ್ಟಿನಲ್ಲಿ ಎರಡು ಸಲ ಟಕ್, ಟಕ್ ಎಂದಿತು. ಮಾತಿಲ್ಲದೆ ಗುಂಡಿ ಒತ್ತಿ ಬಿಟ್ಟರೆ ಬರುವ ಶಬ್ದ. ದಕ್ಕೆಯಲ್ಲಿ ಹಾಗೆ ಎರಡು ಸಲ ಮಾಡಿದರೆ ತಿಳಿಯಿತು ಎಂದರ್ಥ ಎಂದು ಪಕ್ಕದಲ್ಲಿದ್ದವರು ಹೇಳಿದರು. ನಾನು ಅಲ್ಲೇ ಕುಕ್ಕರಿಸಿ ಅತ್ತೆ.

ಕೊನೆಗೆ ಅಗ್ನಿಶಾಮಕದವರು ಅಪ್ಪನನ್ನು ಸುರುಳಿ ಸುತ್ತುವಂಥ ಸ್ಟ್ರೆಚರಿನಲ್ಲಿ ಕಟ್ಟಿ, ಏಣಿಯ ಗೂಡಿನ ಬಳೆಗಳನ್ನು ಅಲ್ಲಲ್ಲಿ ಕತ್ತರಿಸಿ, ಒಂದೊಂದು ಕಟ್ಟೆಗೆ ಹಗ್ಗದಲ್ಲಿ ಇಳಿಸುತ್ತ ಬಂದರು. ಕಾಕಾ ಅವನ ಕೆಳಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ, ತಲೆಯಿಂದ ಸ್ಟ್ರೆಚರಿನ ಕಾಲ್ತುದಿಯನ್ನು ತಡೆದು ಹಿಡಿದಿದ್ದರು. ನೆಲ ಮುಟ್ಟುವ ಹೊತ್ತಿಗೆ ಎರಡೂವರೆಯಾಗಿತ್ತು. ಅಪ್ಪನ ಮುಖದ ಒಂದು ಬದಿ ನನ್ನನ್ನು ನೋಡಿತು. ಇನ್ನೊಂದು ಬದಿ ಬೇರೆ ಯಾರದೋ ಆಗಿತ್ತು.

ಬಾಂಬೋಳಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು, ತೀರಾ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಯಾವಾಗ ಶುರುವಾಯಿತು ಎಂದು ಕೇಳಿದರು. ಹತ್ತೂವರೆ ಎಂದೆ. ಅವರು ಗಡಿಯಾರ ನೋಡಿದರು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಇದೆಯಂತೆ, ಅದಕ್ಕೆ ಇಷ್ಟೇ ತಾಸಿನೊಳಗೆ ಎಂಬ ಲೆಕ್ಕವಿದೆಯಂತೆ. ಸ್ಕ್ಯಾನ್ ಆಗಿ ಬರುವಷ್ಟರಲ್ಲಿ ಅದು ದಾಟಿತ್ತು. "ಸ್ವಲ್ಪ ಮುಂಚೆ ತಂದಿದ್ದರೆ…" ಎಂದು ಶುರು ಮಾಡಿ, ನನ್ನ ಕೈಯಲ್ಲಿ ಇನ್ನೂ ಇದ್ದ ಹೆಲ್ಮೆಟ್ ನೋಡಿ ಮಾತು ನಿಲ್ಲಿಸಿದರು. ಸಂಜೆ ಅವ್ವನನ್ನು ತಮ್ಮ ಕರೆದುಕೊಂಡು ಬಂದ. ಅವ್ವ ಅಳಲಿಲ್ಲ. ಅಪ್ಪನ ಅಂಗಾಲು ಮುಟ್ಟಿ ನೋಡಿ, "ಥಣ್ಣಗ ಅದಾವು, ಹೊಚ್ಚರಿ" ಎಂದಳು.

ಅಪ್ಪ ಬದುಕಿದ. ಬಲಗೈ, ಬಲಗಾಲು ಹೋದವು. ಒಂದು ತಿಂಗಳ ಮೇಲೆ ಮನೆಗೆ ತಂದೆವು. ಕಾಕಾ ವಾರಕ್ಕೊಮ್ಮೆ ಬಂದು ಕೂರುತ್ತಾರೆ, ದಕ್ಕೆಯ ಸುದ್ದಿ ಹೇಳುತ್ತಾರೆ. ಒಮ್ಮೆ ಬಾಗಿಲವರೆಗೆ ಕಳಿಸಲು ಹೋದಾಗ ಕೇಳಿದೆ. "ಕಾಕಾ, ಅವತ್ತ ಎರಡು ಸಲ ಗುಂಡಿ ಒತ್ತಿದ್ದು ಅಪ್ಪನ ಹೌದಲ್ರಿ?"

ಅವರು ಚಪ್ಪಲಿ ಮೆಟ್ಟುತ್ತ ಬಹಳ ಹೊತ್ತು ತೆಗೆದುಕೊಂಡರು. "ಸೆಟ್ಟಿನ ಮ್ಯಾಲ ಅವನ ಕೈ ಇತ್ತವ್ವಾ. ಅವನ ಕೈ ಮ್ಯಾಲ ನನ್ನ ಕೈ ಇತ್ತು. ಯಾರ್ ಒತ್ತಿದ್ದೋ ನನಗ ಖರೇ ಗೊತ್ತಿಲ್ಲ. ಸುಳ್ಳ ಹೇಳಂಗಿಲ್ಲ ನಾ."

ಅಪ್ಪನನ್ನೇ ಕೇಳುವ ಹಾಗಿಲ್ಲ. ಅವನಲ್ಲಿ ಉಳಿದಿರುವುದು ಒಂದೇ ಶಬ್ದ: ಬ್ಯಾಡ. ಊಟ ಬೇಕಾದರೂ ಬ್ಯಾಡ, ಸಾಕಾದರೂ ಬ್ಯಾಡ. ನನ್ನನ್ನು ಕರೆಯುವಾಗಲೂ ಬ್ಯಾಡ. ಮಾತು ಕಲಿಸುವ ತಜ್ಞೆ, ಅವನಿಗೆ ನಾವು ಹೇಳಿದ್ದು ಬಹುಪಾಲು ತಿಳಿಯುತ್ತದೆ, ಹೊರಗೆ ಬರುವ ದಾರಿ ಮಾತ್ರ ಮುಚ್ಚಿದೆ ಎಂದರು. ನಾನು ದಿನಾ ಶಾಲೆಯಿಂದ ಬಂದು ಒಂದು ತಾಸು ಅವನೆದುರು ಕೂರುತ್ತೇನೆ. ನೀರು, ಅನ್ನ, ಅವ್ವ. ನನ್ನ ಬಾಯನ್ನೇ ನೋಡುತ್ತಾನೆ, ತುಟಿ ಜೋಡಿಸುತ್ತಾನೆ, ಕುತ್ತಿಗೆಯ ನರ ಉಬ್ಬುತ್ತದೆ. ಬರುವುದು ಅದೇ. ಅದು ತಾನು ಹೇಳಬೇಕೆಂದಿದ್ದ ಶಬ್ದವಲ್ಲ ಎಂದು ಅವನಿಗೆ ಗೊತ್ತಾಗುತ್ತದೆ, ಅದೇ ನೋಡಲಾಗದ್ದು. ಒಂದನೇ ಇಯತ್ತೆಯ ಮಕ್ಕಳಿಗೆ ಗೊತ್ತಾಗುವುದಿಲ್ಲ, ಅವರು ತಪ್ಪು ಹೇಳಿ ಕುಣಿಯುತ್ತಾರೆ.

ಹೋದ ಶುಕ್ರವಾರ ಸಂಜೆ ಅಪ್ಪ ಇದ್ದಕ್ಕಿದ್ದ ಹಾಗೆ ಎಡಗೈ ಎತ್ತಿ ಎದುರಿನ ಗೋಡೆಯ ಕಡೆ ತೋರಿಸಿದ. "ಬ್ಯಾಡ" ಎಂದ. ಅವ್ವ ಫ್ಯಾನು ಹಾಕಿದಳು. ಅಲ್ಲ ಎಂದು ತಲೆಯಾಡಿಸಿದ. ದೀಪ? ಅಲ್ಲ. ನೀರೇನ್ರಿ? ಅಲ್ಲ. ಕಿಟಕಿ ತೆಗೆದಳು, ಮುಚ್ಚಿದಳು. ನಾನು ಕ್ಯಾಲೆಂಡರ್ ಇಳಿಸಿ ತಂದೆ. ತಮ್ಮನಿಗೆ ಫೋನು ಮಾಡಲೇ ಎಂದು ಕೇಳಿದೆ. ಅವನ ದನಿ ಏರುತ್ತ ಹೋಯಿತು. ಹಾಸಿಗೆಯನ್ನು ಗುದ್ದಿದ. ಅವ್ವ ಗೋಡೆಯ ಹಲಗೆಯ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ ಅವನ ಮುಂದೆ ಹಿಡಿದಳು. ಔಷಧದ ಡಬ್ಬಿ, ಬಾಚಣಿಕೆ, ಟಾರ್ಚು, ದೇವರ ಫೋಟೊ, ಸೂಜಿದಾರದ ಪೆಟ್ಟಿಗೆ, ಖಾಲಿ ಬಾಟಲಿ. "ಇದೇನ್ರಿ? ಇದೇನ್ರಿ?" ಹಲಗೆ ಬರಿದಾಯಿತು.

ಅಪ್ಪ ಕೈ ಇಳಿಸಿದ. ಸಿಟ್ಟೂ ಇಳಿಯಿತು. ನೆಲದ ಮೇಲೆ ಹರಡಿದ್ದ ಸಾಮಾನುಗಳನ್ನು, ನಮ್ಮಿಬ್ಬರನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎಡಗೈಯಿಂದ ಅವ್ವನ ತಲೆಯನ್ನು ಎರಡು ಸಲ ಸವರಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವ್ವ ಸೂಜಿದಾರದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದಳು. ಅವನು ಏನು ಕೇಳಿದನೋ ನಮಗೆ ಇನ್ನೂ ಗೊತ್ತಾಗಿಲ್ಲ.